ಮಾಲೀಕರಿಗೆ ಈಗಲೇ ಹೇಳಿಬಿಡಿ

ನೀವು ಆರೈಕೆ ಮಾಡುತ್ತಿರುವ 14 ವರ್ಷದ ಹೆಣ್ಣು ಕುದುರೆಯನ್ನು ಮುಂದೊಂದು ದಿನ ಕೊಳ್ಳುವ ಆಸೆಯನ್ನು ಮಾಲೀಕರಿಗೆ ಈಗಲೇ ಹೇಳಲೇ, ಹಣ ಕೂಡಿದ ಮೇಲೆ ಹೇಳಲೇ ಎಂದು ಕೇಳಿದ್ದೀರಿ. ಈಗಲೇ ಹೇಳಿ. ಮಾರುವ ಯೋಚನೆ ಬಂದರೆ ಮೊದಲು ನಿಮಗೇ ತಿಳಿಸಬೇಕೆಂದು ಕೇಳಿಕೊಳ್ಳಿ. ಒಪ್ಪಿದರೆ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಬಾಯಿಮಾತನ್ನು ನಂಬಿ ಕುಳಿತರೆ ಕುದುರೆ ಕಣ್ಣೆದುರೇ ಬೇರೆಯವರ ಪಾಲಾಗಬಹುದು, ಆ ಸಂಕಟ ನಿಮಗೆ ಬೇಡ.

ಬೆಲೆಗಿಂತ ಸಾಕುವ ಖರ್ಚಿನ ಬಗ್ಗೆ ಹೆಚ್ಚು ಯೋಚಿಸಿ. 500 ಕೆಜಿ ತೂಕದ ಕುದುರೆಗೆ ದಿನಕ್ಕೆ ಸುಮಾರು 10 ಕೆಜಿ ಒಣಹುಲ್ಲು ಬೇಕು. 6ರಿಂದ 8 ವಾರಕ್ಕೊಮ್ಮೆ ಗೊರಸು ಸವರಿಸಬೇಕು, ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಗೆ ಅದರ ಹಲ್ಲು ತೋರಿಸಬೇಕು. ಕುದುರೆಗಳು ಸಾಮಾನ್ಯವಾಗಿ 25ರಿಂದ 30 ವರ್ಷ ಬದುಕುತ್ತವೆ. ಸವಾರಿ ನಿಂತ ಮೇಲೂ ಅದರ ಹೊಟ್ಟೆ ತುಂಬಿಸಬೇಕಾದವರು ನೀವೇ. ಈ ಖರ್ಚಿನಷ್ಟು ಹಣವನ್ನು ಇಂದಿನಿಂದಲೇ ತಿಂಗಳು ತಿಂಗಳು ಎತ್ತಿಡಿ. ಕೈಗೆ ನಿಲುಕುವ ಮಾತೋ ಅಲ್ಲವೋ ಬೇಗ ತಿಳಿಯುತ್ತದೆ.

ಹೊರಗಿನ ಯಾವ ಖರೀದಿದಾರರಿಗೂ ಇಲ್ಲದ ಅನುಕೂಲ ನಿಮಗಿದೆ: ಆರೈಕೆ ಮಾಡುತ್ತಲೇ ಕುದುರೆಯ ಕಾಲಿನ ತೊಂದರೆಗಳನ್ನು ಹತ್ತಿರದಿಂದ ಗಮನಿಸಬಹುದು. ಗೊರಸು ಶುಚಿ ಮಾಡುವಾಗ ಅಂಗೈ ಇಟ್ಟು ನೋಡಿ, ಒಂದು ಗೊರಸು ಮಾತ್ರ ಬೆಚ್ಚಗಿದೆಯೇ? ಗಟ್ಟಿ ನೆಲದ ಮೇಲೆ ಸಣ್ಣ ಸುತ್ತಿನಲ್ಲಿ ತಿರುಗಿಸಿದಾಗ ಯಾವುದಾದರೂ ಕಾಲನ್ನು ಊರಲು ಹಿಂಜರಿಯುತ್ತದೆಯೇ? ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ. ಆದರೂ ಕೊಳ್ಳುವ ಮುನ್ನ ಮಾಲೀಕರ ವೈದ್ಯರಲ್ಲದೆ ಬೇರೊಬ್ಬ ಪಶುವೈದ್ಯರಿಂದ ಪೂರ್ಣ ತಪಾಸಣೆ ಮಾಡಿಸಿ. ಇಷ್ಟು ಹಚ್ಚಿಕೊಂಡ ಪ್ರಾಣಿಯಲ್ಲಿ ಕೊರತೆ ಕಾಣುವುದು ನಿಮಗೆ ಕಷ್ಟ.

ಮಾಲೀಕರು ಸದ್ಯಕ್ಕೆ ಮಾರುವುದಿಲ್ಲ ಎಂದರೆ ಎದೆಗುಂದಬೇಡಿ. ಖರ್ಚಿನಲ್ಲಿ ಪಾಲು ಕೊಟ್ಟು ವಾರದಲ್ಲಿ ಕೆಲವು ದಿನ ಸವಾರಿ ಮಾಡುವ ಒಪ್ಪಂದಕ್ಕೆ ಸಿದ್ಧರಿದ್ದಾರೆಯೇ ಎಂದು ಕೇಳಿ.