ಯಾದಗಿರಿಯಲ್ಲಿದ್ದುಕೊಂಡು ಗಾಲ್ಫ್ ಕೋರ್ಸ್ ಫೋಟೋಗ್ರಫಿ ಮಾಡಬಹುದಾ? ಆಟ ಬರುವುದರಿಂದ ಲಾಭ ಇದೆಯಾ?

ನೀವು ಯಾದಗಿರಿಯಲ್ಲಿ ಮದುವೆ ಫೋಟೋ ತೆಗೆಯುತ್ತೀರಿ. ಹಿಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಗಾಲ್ಫ್ ಕಲಿತಿದ್ದೀರಿ. ಈಗ ಗಾಲ್ಫ್ ಕೋರ್ಸ್‌ಗಳ ಫೋಟೋ ತೆಗೆಯುವುದನ್ನೇ ವೃತ್ತಿ ಮಾಡಿಕೊಳ್ಳಬಹುದಾ, ಆಟ ಬರುವುದರಿಂದ ಉಪಯೋಗ ಇದೆಯಾ ಎಂದು ಕೇಳಿದ್ದೀರಿ. ನಾನು ಕಲಬುರಗಿಯವನು, ಇದೇ ಕೆಲಸ ಮಾಡುತ್ತೇನೆ, ಆಟದ ಹುಚ್ಚೂ ಇದೆ. ಖಂಡಿತ ಮಾಡಬಹುದು. ಆಟ ಬರುತ್ತದೆ ಅನ್ನುವುದೇ ನಿಮ್ಮ ದೊಡ್ಡ ಬಂಡವಾಳ. ಕ್ಯಾಮೆರಾ, ಲೆನ್ಸ್ ಎಲ್ಲ ಆಮೇಲೆ.

ಆಡದವರು ಕೋರ್ಸ್‌ಗೆ ಬಂದರೆ ಕಣ್ಣು ಮೊದಲು ಕೆರೆಯ ಕಡೆ, ಹೂವಿನ ಸಾಲಿನ ಕಡೆ, ಕ್ಲಬ್ ಕಟ್ಟಡದ ಕಡೆ ಹೋಗುತ್ತದೆ. ಫೋಟೋ ಚೆನ್ನಾಗಿಯೇ ಬರುತ್ತದೆ. ಆದರೆ ಅದನ್ನು ನೋಡಿದ ಆಟಗಾರನ ಕೈ ತುರಿಸುವುದಿಲ್ಲ. ಪ್ರತಿಯೊಂದು ಹೋಲ್, ಅಂದರೆ ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ದಾರಿ, ಆಟಗಾರನಿಗೆ ಒಂದು ಪ್ರಶ್ನೆ ಹಾಕುತ್ತದೆ, ಅಲ್ವಾ? ಎಡಕ್ಕೆ ತಿರುಗುವ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಒಂದಿದೆ ಅಂದುಕೊಳ್ಳಿ. ತಿರುವಿನಲ್ಲಿ ಬಂಕರ್, ಅಂದರೆ ಮರಳಿನ ಗುಂಡಿ ಇದೆ. ಅದನ್ನು ದಾಟಿಸಿ ಹೊಡೆದರೆ ಗ್ರೀನ್ (ಕುಳಿ, ಬಾವುಟ ಇರುವ ನುಣ್ಣನೆಯ ಹುಲ್ಲು) ಹತ್ತಿರವಾಗುತ್ತದೆ. ಹೆದರಿ ಬಲಕ್ಕೆ ಹೊಡೆದರೆ ಎರಡನೇ ಶಾಟ್ ಉದ್ದವಾಗುತ್ತದೆ. ಆ ಬಂಕರ್ ಎಷ್ಟು ಆಳ, ಬಲಕ್ಕೆ ಎಷ್ಟು ಜಾಗ, ಗ್ರೀನ್ ಯಾವ ಕಡೆ ಇಳಿಜಾರು, ಇಷ್ಟೂ ಒಂದೇ ಫೋಟೋದಲ್ಲಿ ಕಾಣಬೇಕು. ಕೋರ್ಸ್ ವಿನ್ಯಾಸ ಮಾಡಿದವರು ಯೋಚಿಸಿ ಇಟ್ಟಿರುವುದೇ ಅದನ್ನು. ಕ್ಲಬ್‌ನವರು ನಮಗೆ ಹಣ ಕೊಡುವುದೂ ಅದನ್ನು ತೋರಿಸಿ ಎಂದೇ.

ಹಾಗಾಗಿ ಹೊಸ ಕೋರ್ಸ್‌ಗೆ ಹೋದರೆ ಮೊದಲ ದಿನ ನಾನು ಕ್ಯಾಮೆರಾ ಹೊರಗೆ ತೆಗೆಯುವುದೇ ಇಲ್ಲ. ಸುಮ್ನೆ ಆಡುತ್ತೇನೆ. ಎಲ್ಲಿ ನಿಂತು ಯಾವ ಕ್ಲಬ್ (ಚೆಂಡು ಹೊಡೆಯುವ ಕೋಲು) ತೆಗೆದುಕೊಳ್ಳಲಿ ಎಂದು ಅನುಮಾನಪಟ್ಟೆನೋ, ಮರುದಿನ ಟ್ರೈಪಾಡ್ ಅಲ್ಲೇ ಇಡುತ್ತೇನೆ. ಆ ಜಾಗ ಟೀ, ಅಂದರೆ ಮೊದಲ ಹೊಡೆತದ ಜಾಗ, ಆಗಿರುವುದು ಕಡಿಮೆ. ಟೀಯಿಂದ ನೋಡಿದರೆ ನೆಲವೆಲ್ಲ ಒಂದರ ಮೇಲೊಂದು ಕೂತ ಹಾಗೆ ಕಾಣುತ್ತದೆ, ಗ್ರೀನ್ ಒಂದು ಗೆರೆಯಾಗಿಬಿಡುತ್ತದೆ. ಚೆಂಡು ಬಿದ್ದ ಜಾಗದಿಂದ, ಗ್ರೀನ್ ಪಕ್ಕದಿಂದ, ಕೆಲವೊಮ್ಮೆ ಗ್ರೀನ್ ಹಿಂದಿನಿಂದ ತಿರುಗಿ ನೋಡಿದರೆ ಹೋಲ್ ಅರ್ಥವಾಗುತ್ತದೆ.

ಇನ್ನು ಬೆಳಕು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ವಿದೇಶದವರು ಹೇಳಿಕೊಡುವ ಲೆಕ್ಕ ನಮಗೆ ಹೊಂದುವುದಿಲ್ಲ. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಹುಟ್ಟಿದ ಅರ್ಧ ಗಂಟೆಗೆ ಸುಮಾರು 7 ಡಿಗ್ರಿ, ಒಂದು ಗಂಟೆಗೆ 14 ಡಿಗ್ರಿ ಮೇಲೆ ಇರುತ್ತಾನೆ. ಗಾಲ್ಫ್‌ನ ತವರು ಎನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ 56 ಡಿಗ್ರಿಯಲ್ಲಿದೆ. ಅಲ್ಲಿ ಮಾರ್ಚ್, ಸೆಪ್ಟೆಂಬರ್ ತಿಂಗಳಲ್ಲಿ ಒಂದು ಗಂಟೆಗೆ ಏರುವುದು ಸುಮಾರು 8 ಡಿಗ್ರಿ ಮಾತ್ರ. ಅವರಿಗೆ ಒಂದು ಗಂಟೆ ಸಿಗುವ ಬೆಳಕು ನಮಗೆ ಅರ್ಧ ಗಂಟೆ. ಸೂರ್ಯ 7 ಡಿಗ್ರಿಯಲ್ಲಿದ್ದಾಗ ಒಂದು ಅಡಿ ಎತ್ತರದ ಅಂಚು ಎಂಟು ಅಡಿ ನೆರಳು ಚೆಲ್ಲುತ್ತದೆ. 14 ಡಿಗ್ರಿಗೆ ಬಂದರೆ ಆ ನೆರಳು ನಾಲ್ಕೇ ಅಡಿ. ಫೇರ್‌ವೇಯ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ) ಏರಿಳಿತ, ಗ್ರೀನ್‌ನ ಓರೆ, ಬಂಕರ್‌ನ ತುಟಿ, ಇವೆಲ್ಲ ಕಾಣುವುದು ಈ ನೆರಳಿನಿಂದಲೇ. ಸೂರ್ಯ ಬೆನ್ನ ಹಿಂದೆ ಇದ್ದರೆ ಹುಲ್ಲು ಹಸಿರಾಗಿ ಕಾಣುತ್ತದೆ, ನೆಲ ಮಾತ್ರ ಚಪ್ಪಟೆ. ಬೆಳಕು ಪಕ್ಕದಿಂದ ಅಥವಾ ಎದುರು ಓರೆಯಿಂದ ಬರಬೇಕು.

ಆದ್ದರಿಂದ ಒಂದು ಬೆಳಗ್ಗೆ ಎರಡು ಮೂರು ಹೋಲ್‌ಗಿಂತ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. 18 ಹೋಲ್ ಒಂದೇ ದಿನದಲ್ಲಿ ಮುಗಿಸಿ ಕೊಡಿ ಎಂದು ಕೇಳುವವರಿಗೆ ಇದನ್ನು ಮೊದಲೇ ವಿವರಿಸಿ. ಯಾವ ಹೋಲ್ ಯಾವ ದಿಕ್ಕಿಗಿದೆ ಎಂದು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಸೂರ್ಯ ಪೂರ್ವದಿಂದ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಹುಟ್ಟುತ್ತಾನೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಹಾಗಾಗಿ ಕೆಲವು ಹೋಲ್‌ಗೆ ಚಳಿಗಾಲವೇ ಸರಿ, ಕೆಲವಕ್ಕೆ ಸಂಜೆಯೇ ಸರಿ. ಒಟ್ಟಾರೆ ಹೇಳುವುದಾದರೆ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಮಧ್ಯದಿಂದ ಜನವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಆಕಾಶ ಬೆಳ್ಳಗೆ ಸುಟ್ಟು ಹೋಗಿರುತ್ತದೆ. ನಮ್ಮ ಬಿಸಿಲು ನಿಮಗೆ ಹೇಳಬೇಕಾ?

ಅಭ್ಯಾಸ ಎಲ್ಲಿ ಮಾಡಲಿ ಎಂಬ ಚಿಂತೆ ಬೇಡ. ಈ ಸೀಮೆಯೇ ಒಳ್ಳೆಯ ಶಾಲೆ. ಬೀದರ್ ಹತ್ತಿರದ ಅಷ್ಟೂರಿಗೆ ಬೆಳಗ್ಗೆ ಬೇಗ ಹೋಗಿ. ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಎಲ್ಲರೂ ಗುಮ್ಮಟದ ಫೋಟೋ ತೆಗೆಯುತ್ತಾರೆ. ನೀವು ಗುಮ್ಮಟವನ್ನು ಹಿಂದೆ ಬಿಟ್ಟು ಅದರ ಮುಂದಿನ ನೆಲವನ್ನು ತೆಗೆಯಿರಿ. ಗುಮ್ಮಟವನ್ನು ಬಾವುಟ ಅಂದುಕೊಳ್ಳಿ. ಅಲ್ಲಿಗೆ ತಲುಪುವ ದಾರಿ ಎಲ್ಲಿ ಏರುತ್ತದೆ, ಎಲ್ಲಿ ತಗ್ಗುತ್ತದೆ ಎಂದು ನೋಡುವವರಿಗೆ ಗೊತ್ತಾಗಬೇಕು. ಟ್ರೈಪಾಡ್ ಬಳಸುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲೇ ಹಿಡಿದು ತೆಗೆದರೂ ಕಲಿಕೆಗೆ ಸಾಕು. ಇನ್ನೊಂದು ಜಾಗ ನಮ್ಮ ಎರೆ ಹೊಲ. ತೊಗರಿ ಕೊಯ್ದ ಮೇಲೆ ಬರಿ ನೆಲ ಉಳಿಯುತ್ತದೆ. ನೋಡಿದರೆ ಭಾಳ ಸಮತಟ್ಟು ಅನ್ನಿಸುತ್ತದೆ, ಆದರೆ ನೀರು ಹರಿಯುವ ಇಳಿಜಾರು ಇದ್ದೇ ಇರುತ್ತದೆ. ರೈತನಿಗೆ ಅದು ಗೊತ್ತು, ಬದು ಹಾಕಿರುವುದೇ ಅದಕ್ಕೆ. ಆ ಇಳಿಜಾರನ್ನು ಫೋಟೋದಲ್ಲಿ ತೋರಿಸಲು ಬಂದರೆ ಗ್ರೀನ್ ಓದುವುದು, ತೋರಿಸುವುದು ಎರಡೂ ಬಂದ ಹಾಗೆ.

ಲೆನ್ಸ್ ವಿಷಯದಲ್ಲಿ ವೈಡ್ ಲೆನ್ಸ್‌ಗೆ ಮರುಳಾಗಬೇಡಿ. ದೂರದ ದಿಬ್ಬ ಕರಗಿ ಹೋಗುತ್ತದೆ, ಬಾವುಟ ಸೂಜಿಯಷ್ಟಾಗುತ್ತದೆ. 70–200 ಮಿ.ಮೀ. ಟೆಲಿ ಲೆನ್ಸ್‌ನಲ್ಲಿ ದೂರದಿಂದ ತೆಗೆದರೆ ಏರಿಳಿತ ಒಟ್ಟಿಗೆ ಬಂದು ನಿಲ್ಲುತ್ತದೆ. ಮಡಚುವ ಅಲ್ಯೂಮಿನಿಯಂ ಏಣಿ ಒಂದು ಜೊತೆಗಿರಲಿ. ಆರೇಳು ಅಡಿ ಮೇಲೆ ನಿಂತರೆ ಬಂಕರ್ ಒಳಗಿನ ಮರಳೂ ಗ್ರೀನ್‌ನ ಮೈಯೂ ಕಾಣುತ್ತವೆ.

ಕೋರ್ಸ್‌ನ ಮಾಲಿಗಳ ಜೊತೆ ಹಿಂದಿನ ಸಂಜೆಯೇ ಮಾತಾಡಿ. ಅವರಷ್ಟು ಆ ನೆಲ ತಿಳಿದವರು ಯಾರೂ ಇಲ್ಲ. ನಸುಕಿನಲ್ಲಿ ಮೊದಲು ಯಾವ ಗ್ರೀನ್ ಕತ್ತರಿಸುತ್ತಾರೆ, ಬಂಕರ್ ಮರಳನ್ನು ಯಾವಾಗ ಕೆರೆದು ಸಮ ಮಾಡುತ್ತಾರೆ, ಸ್ಪ್ರಿಂಕ್ಲರ್ ಎಷ್ಟು ಹೊತ್ತಿಗೆ, ಇವು ಗೊತ್ತಿರಬೇಕು. ಗ್ರೀನ್‌ನ ಕುಳಿ ಆಗಾಗ ಜಾಗ ಬದಲಿಸುತ್ತದೆ. ಬಾವುಟ ಬಂಕರ್ ಹಿಂದೆ ಮರೆಯಾಗದ ಹಾಗೆ ಕುಳಿ ತೆಗೆಯಲು ವಿನಂತಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಹುಲ್ಲಿನಲ್ಲಿ ಕಾಣುವ ತಿಳಿ ಪಟ್ಟೆ, ದಟ್ಟ ಪಟ್ಟೆ ಬೇರೆ ಬೇರೆ ಹುಲ್ಲಲ್ಲ. ಯಂತ್ರ ಹೋದ ದಿಕ್ಕಿಗೆ ಗರಿ ಬಾಗಿರುತ್ತದೆ. ನಮ್ಮಿಂದ ಆಚೆ ಬಾಗಿದ್ದು ತಿಳಿ, ನಮ್ಮ ಕಡೆ ಬಾಗಿದ್ದು ದಟ್ಟ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಪೂರ್ತಿ ತಿರುಗಿಸಿದರೆ ಆ ಹೊಳಪು ಹೋಗಿ ಪಟ್ಟೆಯೂ ಮಂಕಾಗುತ್ತದೆ, ಅದನ್ನು ನೋಡಿಕೊಂಡು ತಿರುಗಿಸಿ.

ಆಟಗಾರರಿದ್ದಾಗ ಏನು ಮಾಡಬಾರದು ಎಂದು ನಿಮಗೇ ಗೊತ್ತು. ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಹೊಡೆಯಲು ಕೋಲು ಹಿಂದಕ್ಕೆ ಎತ್ತುವಾಗ, ಶಟರ್ ಸದ್ದು ಕೇಳಿಸಲೇಬಾರದು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ. ಆದರೆ ಸಾಮಾನ್ಯ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ವೇಗವಾಗಿ ಬೀಸುವ ಕ್ಲಬ್‌ನ ಕೋಲು ಬಾಗಿದ ಹಾಗೆ ಬರುತ್ತದೆ. ಸೋನಿ ಎ9 3ರಂತೆ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಓದುವ ಗ್ಲೋಬಲ್ ಶಟರ್ ಇರುವ ಕ್ಯಾಮೆರಾದಲ್ಲಿ ಈ ತೊಂದರೆ ಇಲ್ಲ, ಬೆಲೆ ಮಾತ್ರ ಭಾರಿ. ಅದಿಲ್ಲದಿದ್ದರೆ ಚೆಂಡು ಹೊಡೆದಾದ ಮೇಲೆ ಮೆಕ್ಯಾನಿಕಲ್ ಶಟರ್‌ನಲ್ಲಿ ತೆಗೆಯಿರಿ. ಹೊಡೆದ ಮೇಲೆ ಚೆಂಡಿನ ಹಿಂದೆ ಓಡುವ ಆ ನೋಟದಷ್ಟು ಚೆಂದದ ಫೋಟೋ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಡ್ರೋನ್‌ಗೆ 2021ರ ಡ್ರೋನ್ ನಿಯಮಗಳಿವೆ. ಹಣಕ್ಕಾಗಿ ಹಾರಿಸುವುದಾದರೆ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನ್‌ಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣ ಇದೆ. ಇವುಗಳ ಸುತ್ತ ಅನುಮತಿ ಇಲ್ಲದೆ ಹಾರಿಸುವ ಯೋಚನೆಯೇ ಬೇಡ. ಸೇನೆಯ ಆವರಣದ ಕೋರ್ಸ್‌ಗೆ ಹೋಗುವುದಾದರೆ ಕ್ಯಾಮೆರಾಗೂ ಲಿಖಿತ ಅನುಮತಿ ಪಡೆಯಿರಿ.

ಕೆಲಸ ಸಿಗುವುದು ನಮ್ಮ ಜಿಲ್ಲೆಗಳ ಹೊರಗೆ. ನಮಗೆ ಹತ್ತಿರದ್ದು ಹೈದರಾಬಾದ್. ಅಲ್ಲಿ ಗೋಲ್ಕೊಂಡ ಕೋಟೆಯ ನಯಾ ಖಿಲಾ ಎಂಬ ಭಾಗದೊಳಗಿನ ಕೋರ್ಸ್‌ನಲ್ಲಿ ಹಳೆ ಕೋಟೆ ಗೋಡೆ, ಬಂಡೆ, ಹುಲ್ಲು ಒಟ್ಟಿಗೆ ಸಿಗುತ್ತವೆ. ಬೆಂಗಳೂರಿನಲ್ಲಿ 1876ರಷ್ಟು ಹಳೆಯ ಬೆಂಗಳೂರು ಗಾಲ್ಫ್ ಕ್ಲಬ್‌ನಿಂದ ಹೊಸ ರೆಸಾರ್ಟ್ ಕೋರ್ಸ್‌ಗಳವರೆಗೆ ಇವೆ. ಮೈಸೂರು, ಕೊಡಗಿನಲ್ಲೂ ಇವೆ. ಮದುವೆ ಕೆಲಸ ಬಿಡಬೇಡಿ. ನವೆಂಬರ್, ಡಿಸೆಂಬರ್‌ನಲ್ಲಿ ಎರಡೂ ಒಟ್ಟಿಗೆ ಬರುತ್ತವೆ, ಮುಹೂರ್ತದ ದಿನಗಳನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಆಷಾಢದಲ್ಲಿ ಮದುವೆ ಇರುವುದಿಲ್ಲವಲ್ಲ, ಆಗ ಹೋಗಿ ಆಡಿ, ಕೋರ್ಸ್‌ಗಳನ್ನು ನೋಡಿ ಬನ್ನಿ.

ಒಪ್ಪಂದ ಮಾತ್ರ ಬರಹದಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಹಕ್ಕು ನಿಮ್ಮಲ್ಲಿ ಉಳಿಯಬೇಕಾದರೆ ಅದನ್ನು ಬರೆಸಿಕೊಳ್ಳಿ. ಕ್ಲಬ್‌ನ ಜಾಲತಾಣಕ್ಕೆ ಕೊಟ್ಟ ಫೋಟೋ ನಾಳೆ ವಿಲ್ಲಾ ಮಾರುವವರ ಜಾಹೀರಾತಿಗೂ ಹೋಗಬಹುದು, ಅದಕ್ಕೆ ಬೇರೆ ದರ ಎಂದು ಮೊದಲೇ ಹೇಳಿ.

ಕ್ಲಬ್‌ಗಳಿಗೆ ಬರೆಯುವಾಗ ತುಂಬ ಫೋಟೋ ಕಳಿಸಬೇಡಿ. ನೀವು ಆಡಿದ ಕೋರ್ಸ್‌ನ ನಾಲ್ಕೈದು ಸಾಕು. ಪ್ರತಿ ಫೋಟೋ ಕೆಳಗೆ ಅದು ಎಷ್ಟನೇ ಹೋಲ್, ಎಷ್ಟು ಗಜ, ಎಲ್ಲಿ ನಿಂತು ತೆಗೆದದ್ದು, ಅಲ್ಲಿಂದ ಆಟಗಾರ ಏನು ತೀರ್ಮಾನ ಮಾಡಬೇಕು ಎಂದು ಎರಡು ಸಾಲು ಬರೆಯಿರಿ. ಅಕ್ಟೋಬರ್ ಮಧ್ಯದ ಬೆಳಕಿಗೆ ಕೆಲಸ ಬೇಕಿದ್ದರೆ ಈ ಪತ್ರ ಜುಲೈನಲ್ಲೇ ಹೋಗಬೇಕು.