ಕ್ರೋಮೋಸೋಮಿನ ತುದಿಗಳು ಯಾಕೆ ಅಂಟಿಕೊಳ್ಳುವುದಿಲ್ಲ?

ಹಿರಿಯೂರಿನ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಡಿಎನ್‌ಎ ತುಂಡಾದರೆ ಜೀವಕೋಶ ಆ ತುದಿಗಳನ್ನು ಬೆಸೆಯುತ್ತದೆ ಎಂದು ಕಳೆದ ತಿಂಗಳು ಬರೆದಿದ್ದಿರಿ. ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: 'ಕ್ರೋಮೋಸೋಮಿಗೆ ಹೇಗೂ ಎರಡು ತುದಿ ಇರುತ್ತವಲ್ಲ ಮಿಸ್, ಅವನ್ನೂ ಯಾಕೆ ಬೆಸೆಯಲ್ಲ?' ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು, ಟೆಲೋಮಿಯರ್ ಉದ್ದ ಮಾಡುವ ಮಾತ್ರೆ ತಗೊಂಡರೆ ವಯಸ್ಸಾಗಲ್ಲ ಅಂತಾರೆ, ನಿಜವಾ?"

ಮೇಡಂ, ಆ ಹುಡುಗಿಗೆ ನಮ್ಮ ಶಾಭಾಸ್ ಹೇಳಿ. ತುಂಬಾ ಆಳದ ಪ್ರಶ್ನೆ ಇದು. ಕ್ರೋಮೋಸೋಮ್ ಎಂದರೆ ಕೋಶದೊಳಗೆ ಸುತ್ತಿಟ್ಟ ಡಿಎನ್‌ಎಯ ಉದ್ದನೆಯ ದಾರ. 1930ರ ದಶಕದಲ್ಲಿ ಅಮೆರಿಕದ ಬಾರ್ಬರಾ ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಇದನ್ನೇ ಗಮನಿಸಿದರು. ಮುರಿದ ತುದಿಗಳು ಒಂದಕ್ಕೊಂದು ಅಂಟುತ್ತಿದ್ದವು, ಸಹಜ ತುದಿಗಳು ಅಂಟುತ್ತಿರಲಿಲ್ಲ. ಹಣ್ಣಿನ ನೊಣದಲ್ಲಿ ಅದನ್ನೇ ಕಂಡ ಹರ್ಮನ್ ಮುಲ್ಲರ್, 1938ರಲ್ಲಿ ಆ ತುದಿಗೆ ಟೆಲೋಮಿಯರ್ ಎಂದು ಹೆಸರಿಟ್ಟರು.

ಅಂಟಿದರೆ ಏನಾಗುತ್ತದೆ? ಕೋಶ ಎರಡಾಗುವಾಗ ಜೋಡಿಯಾದ ಕ್ರೋಮೋಸೋಮನ್ನು ಎರಡೂ ಕಡೆಯಿಂದ ಎಳೆದಂತಾಗುತ್ತದೆ. ಅದು ಎಲ್ಲೋ ಹರಿಯುತ್ತದೆ, ಮತ್ತೆ ಅಂಟುತ್ತದೆ, ಮತ್ತೆ ಹರಿಯುತ್ತದೆ.

ನಮ್ಮ ಕೋಶದಲ್ಲಿ 46 ಕ್ರೋಮೋಸೋಮುಗಳು, ಅಂದರೆ 92 ತುದಿಗಳು. ಅಷ್ಟನ್ನೂ ತುಂಡಾದ ಡಿಎನ್‌ಎ ಬೆಸೆಯುವ ರಿಪೇರಿ ಪ್ರೋಟೀನುಗಳ ಕಣ್ಣಿಗೆ ಬೀಳದಂತೆ ಬಚ್ಚಿಡಬೇಕು. ಟೆಲೋಮಿಯರಿನಲ್ಲಿ ಡಿಎನ್‌ಎಯ ಆರೇ ಅಕ್ಷರಗಳ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ. ಕೊನೆಯಲ್ಲಿ ಡಿಎನ್‌ಎಯ ಎರಡು ಎಳೆಗಳ ಪೈಕಿ ಒಂದು ಸ್ವಲ್ಪ ಜಾಸ್ತಿ ಉದ್ದ. ಆ ಎಳೆ ಹಿಂದಕ್ಕೆ ಬಾಗಿ ಒಳಗೆ ಸೇರಿಕೊಳ್ಳುತ್ತದೆ. ಕೆಲಸಕ್ಕೆ ನಿಂತ ಹೆಂಗಸರು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ. ಜ್ಯಾಕ್ ಗ್ರಿಫಿತ್ ಮತ್ತು ಟಿಟಿಯಾ ಡಿ ಲಾಂಗೆ ಅವರ ತಂಡಗಳು 1999ರಲ್ಲಿ ಈ ಕುಣಿಕೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡವು. ಅದರ ಕಾವಲಿಗೆ ಆರು ಪ್ರೋಟೀನುಗಳಿವೆ. ಒಟ್ಟಾಗಿ ಅವಕ್ಕೆ ಶೆಲ್ಟರಿನ್ ಎನ್ನುತ್ತಾರೆ. ಇಲಿಯ ಕೋಶಗಳಲ್ಲಿ ಆ ಆರರಲ್ಲಿ ಟಿಆರ್‌ಎಫ್2 ಒಂದನ್ನು ತೆಗೆದರೆ ಸಾಕು, ಕ್ರೋಮೋಸೋಮುಗಳು ರೈಲಿನ ಬೋಗಿಗಳಂತೆ ಸಾಲಾಗಿ ಬೆಸೆದುಕೊಳ್ಳುತ್ತವೆ. ಆ ಚಿತ್ರ ಮೊದಲ ಸಲ ನೋಡಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ. ಹಾಗೆ ಬೆಸೆದದ್ದು ದಿನವೂ ನಮ್ಮನ್ನು ಕಾಯುವ ಅದೇ ರಿಪೇರಿ ಪ್ರೋಟೀನುಗಳು. ತೆರೆದ ತುದಿ ಕಂಡಿತು, ತಮ್ಮ ಕೆಲಸ ಮಾಡಿದವು.

ಇನ್ನು ಮಾತ್ರೆ. ಕೋಶ ಎರಡಾದ ಹಾಗೆಲ್ಲ ಟೆಲೋಮಿಯರ್ ಸವೆಯುತ್ತದೆ. ತೀರಾ ಗಿಡ್ಡವಾದಾಗ ತುದಿಯನ್ನು ಬಚ್ಚಿಡಲು ಆಗುವುದಿಲ್ಲ. ಆಗ ಎಚ್ಚರಿಕೆ ಮೊಳಗಿ ಕೋಶ ಹೆಚ್ಚುವುದನ್ನೇ ನಿಲ್ಲಿಸುತ್ತದೆ. ಇದು ಸುಮ್ನೆ ಆಗುವ ನಷ್ಟವಲ್ಲ, ಕ್ಯಾನ್ಸರಿಗೆ ಹಾಕಿದ ಬ್ರೇಕ್ ಕೂಡ. ತುದಿಯನ್ನು ಬೆಳೆಸುವ ಕಿಣ್ವ ಟೆಲೋಮರೇಸ್. ಅದನ್ನು ಕೊಳದ ನೀರಿನ ಒಂದು ಸೂಕ್ಷ್ಮಜೀವಿಯಲ್ಲಿ ಕಂಡುಹಿಡಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕ್ಯಾರೊಲ್ ಗ್ರೈಡರ್ ಅವರಿಗೆ 2009ರಲ್ಲಿ ಜ್ಯಾಕ್ ಶೋಸ್ಟಾಕ್ ಜೊತೆ ನೊಬೆಲ್ ಬಂತು. ನಮ್ಮ ಹೆಚ್ಚಿನ ಕೋಶಗಳಲ್ಲಿ ಅದು ಕೆಲಸ ನಿಲ್ಲಿಸಿರುತ್ತದೆ. ಹತ್ತು ಕ್ಯಾನ್ಸರುಗಳಲ್ಲಿ ಸುಮಾರು ಒಂಬತ್ತು ಅದನ್ನು ಮತ್ತೆ ಶುರು ಮಾಡಿಕೊಂಡಿರುತ್ತವೆ. ಮಾತ್ರೆಯಿಂದ ವಯಸ್ಸು ನಿಲ್ಲುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ದಯವಿಟ್ಟು ದುಡ್ಡು ಕೊಡಬೇಡಿ.

– ಸಂಪಾದಕ