ಗೆರೆ, ಬೆಟ್ಟ, ತಂಬಿಗೆ: ಗ್ರಾಫಿಕ್ಸ್ ಬಗ್ಗೆ ಓದುಗರ ಮೂರು ಪ್ರಶ್ನೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಕಂಪ್ಯೂಟರಲ್ಲಿ ಚಿತ್ರ ಬರೆಯೋ ಗ್ರಾಫಿಕ್ಸ್ ಅನ್ನೋ ಒಂದೇ ವಿಷಯದ ಸುತ್ತ ಇದ್ವು, ಹಾಗಾಗಿ ಒಟ್ಟಿಗೇ ತಗೊಂಡಿದೀನಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದ್ತಿದೀನಿ ಸಾರ್. ಗ್ರಾಫಿಕ್ಸ್ ಲ್ಯಾಬಲ್ಲಿ ಬ್ರೆಸೆನ್‌ಹ್ಯಾಮ್ ಅಲ್ಗಾರಿದಮ್ ಅಂತ ಗೆರೆ ಎಳೆಯೋ ಪ್ರೋಗ್ರಾಮ್ ಒಂದಿದೆ. ಫೋನಲ್ಲೇ ಅಷ್ಟು ದೊಡ್ಡ ಗೇಮ್ ಓಡೋ ಕಾಲದಲ್ಲಿ 60 ವರ್ಷ ಹಳೇ ಗೆರೆ ಯಾಕೆ ಬೇಕು? ಎಲ್ರೂ ಬಾಯಿಪಾಠ ಮಾಡಿ ಬರೀತಿದೀವಿ.
– ವಿದ್ಯಾರ್ಥಿನಿ, ಸಾಗರ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಸಾಗರದ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯೋದನ್ನ ನೀನು ನೋಡಿರ್ತೀಯ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಕೈಯಲ್ಲಿ ಪುಂಡಿ ನಾರಿನ ಕುಂಚ, ಸ್ಕೇಲೂ ಇಲ್ಲ ಏನೂ ಇಲ್ಲ, ಆದ್ರೂ ಗೆರೆ ನೆಟ್ಟಗೆ ಬರುತ್ತೆ ಯಾಕಂದ್ರೆ ಆ ಅಮ್ಮಂದಿರ ಕೈಗೆ ಗೊತ್ತು ನೆಟ್ಟಗೆ ಅಂದ್ರೆ ಏನು ಅಂತ. ಮೆಷೀನಿಗೆ ಅದು ಗೊತ್ತಿಲ್ಲ. ಅದಕ್ಕಿರೋದು ಬರೀ ಚುಕ್ಕಿ. ಚುಕ್ಕಿ ರಂಗೋಲಿ ಇಟ್ಟು, ಆಮೇಲೆ ಚುಕ್ಕಿಗಳ ಮಧ್ಯೆ ಗೆರೆ ಎಳೆಯೋ ಹಾಗಿಲ್ಲ, ಯಾವ ಚುಕ್ಕಿಗೆ ಬಣ್ಣ ಹಾಕ್ಬೇಕು ಅಂತ ಮಾತ್ರ ಹೇಳ್ಬಹುದು ಅಂದ್ರೆ ಹೇಗಿರುತ್ತೆ ಯೋಚ್ನೆ ಮಾಡು, ಅದೇ ಸಮಸ್ಯೆ ಇದು.

1962ರಲ್ಲಿ ಜ್ಯಾಕ್ ಬ್ರೆಸೆನ್‌ಹ್ಯಾಮ್ ಅನ್ನೋರು ಅಮೆರಿಕದ ಸ್ಯಾನ್ ಹೋಸೆಯಲ್ಲಿ ಐಬಿಎಂ ಕಂಪನಿ ಕೆಲಸದಲ್ಲಿದ್ರು. ಅವರ ಮುಂದೆ ಇದ್ದಿದ್ದು ಐಬಿಎಂ 1401 ಕಂಪ್ಯೂಟರ್, ಅದಕ್ಕೆ ಜೋಡಿಸಿದ್ದ ಕ್ಯಾಲ್‌ಕಾಂಪ್ ಪ್ಲಾಟರ್, ಅಂದ್ರೆ ಪೆನ್ನು ಹಿಡಿದು ಕಾಗದದ ಮೇಲೆ ಬರೆಯೋ ಯಂತ್ರ. ಆ ಪೆನ್ನು ಪುಟ್ಟ ಪುಟ್ಟ ಹೆಜ್ಜೆ ಮಾತ್ರ ಇಡುತ್ತೆ. ಭಾಗಾಕಾರ, ದಶಮಾಂಶ ಎಲ್ಲ ಆಗಿನ ಕಂಪ್ಯೂಟರಿಗೆ ಬಹಳ ಹೊತ್ತು ಹಿಡಿಯೋ ಕೆಲಸ. ಅದಕ್ಕೆ ಅವರು ಬರೀ ಪೂರ್ಣಾಂಕದ ಕೂಡೋದು ಕಳೆಯೋದ್ರಲ್ಲೇ ಗೆರೆ ಎಳೆಯೋ ದಾರಿ ಕಂಡುಕೊಂಡ್ರು, 1965ರಲ್ಲಿ ಅದು ಅಚ್ಚಾಯ್ತು.

ಈಗ ಒಂದು ಗ್ರಾಫ್ ಶೀಟ್ ತಗೋ. ಬಲಕ್ಕೆ 7 ಮನೆ, ಮೇಲಕ್ಕೆ 3 ಮನೆ ಹೋಗೋ ಗೆರೆ ಬೇಕು ಅಂತಿಟ್ಕೋ. ಮೂರನ್ನ ಎರಡರಿಂದ ಗುಣಿಸು, 6. ಅದ್ರಲ್ಲಿ ಏಳು ಕಳಿ, -1. ಇದು ನಿನ್ನ ಶುರುವಿನ ಲೆಕ್ಕ. ನಿಯಮ ಇಷ್ಟೇ: ಲೆಕ್ಕ ಸೊನ್ನೆಗಿಂತ ಕಡಿಮೆ ಇದ್ರೆ ಬಲಕ್ಕೆ ಮಾತ್ರ ಹೋಗು, 6 ಕೂಡಿಸು. ಇಲ್ಲಾಂದ್ರೆ ಬಲಕ್ಕೂ ಮೇಲಕ್ಕೂ ಒಟ್ಟಿಗೆ ಹೋಗು, 8 ಕಳಿ (ಏಳರ ಎರಡರಷ್ಟು 14, ಅದ್ರಲ್ಲಿ 6 ಹೋದ್ರೆ 8). ಮಾಡ್ತಾ ಹೋಗು: -1, 5, -3, 3, -5, 1, -7, ಮತ್ತೆ -1. ಏಳು ಹೆಜ್ಜೆ ಮುಗಿಯೋ ಹೊತ್ತಿಗೆ ಮೂರು ಸಲ ಮೇಲೆ ಹತ್ತಿರ್ತೀಯ, ಲೆಕ್ಕ ಶುರುವಾದಲ್ಲಿಗೇ ವಾಪಸ್ ಬಂದಿರುತ್ತೆ, ಮತ್ತೆ ಅದೇ ಹೆಜ್ಜೆಗಳನ್ನ ಇಟ್ರೆ 14, 21 ಅಂತ ಎಷ್ಟು ದೂರ ಬೇಕಾದ್ರೂ ಗೆರೆ ಹೋಗುತ್ತೆ. ಆ ಸಂಖ್ಯೆ ಏನು ಹೇಳ್ತಿದೆ ಗೊತ್ತಾ? ನಿಜವಾದ ಗೆರೆಯಿಂದ ನೀನು ಎಷ್ಟು ಹಿಂದೆ ಬಿದ್ದಿದೀಯ ಅನ್ನೋದನ್ನ ಲೆಕ್ಕ ಇಡ್ತಿದೆ, ಜಾಸ್ತಿ ಹಿಂದೆ ಬಿದ್ರೆ ಮೇಲಕ್ಕೆ ಹೋಗು ಅನ್ನುತ್ತೆ.

ನಾನೂ ಇದನ್ನ ಬಾಯಿಪಾಠ ಮಾಡೇ ಪಾಸಾದೋನು. ಅರ್ಥ ಆಗಿದ್ದು ಎಷ್ಟೋ ವರ್ಷ ಆದ್ಮೇಲೆ, ಒಂದು ಆಷಾಢದಲ್ಲಿ ಕರೆಂಟ್ ಹೋಗಿ ಮೂರು ದಿನ ಬರ್ಲಿಲ್ಲ, ಜಗಲಿಲಿ ಕೂತು ಸುಮ್ನೆ ಲೆಕ್ಕದ ಪುಸ್ತಕದಲ್ಲಿ ಮನೆ ತುಂಬ್ತಾ ಹೋದೆ. ಆ -1 ವಾಪಸ್ ಬಂದಾಗ ಆದ ಖುಷಿ ಇವತ್ತಿಗೂ ಮರೆತಿಲ್ಲ. ದಯವಿಟ್ಟು ಒಂದು ಸಲ ಕೈಯಲ್ಲಿ ಮಾಡು, ಆಮೇಲೆ ಪ್ರೋಗ್ರಾಮ್ ಬರಿ. ಬಾಯಿಪಾಠ ಬೇಕಾಗಲ್ಲ.

ಪ್ರಶ್ನೆ: ನಾನು ಡ್ರಾಯಿಂಗ್ ಮೇಷ್ಟ್ರು. ಮಕ್ಕಳಿಗೆ ಹಿಂದಿನ ಬೆಟ್ಟ ಮೊದಲು ಬರೀರಿ, ಮುಂದಿನ ಮರ ಆಮೇಲೆ ಬರೀರಿ ಅಂತ ಹೇಳಿಕೊಡ್ತೀನಿ. ಕಂಪ್ಯೂಟರೂ ಹಾಗೇ ಬರೆಯುತ್ತಾ?
– ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆ ಮೇಲೆ ಹತ್ತು ಹದಿನೈದು ವರ್ಷ ಜನ ತಲೆ ಕೆಡಿಸಿಕೊಂಡಿದ್ರು. ನೀವು ಹೇಳೋ ಕ್ರಮಕ್ಕೆ ಪೇಂಟರ್ಸ್ ಅಲ್ಗಾರಿದಮ್ ಅಂತಲೇ ಹೆಸರು. ಕುಂದಾದ್ರಿ ಮೇಲೆ ನಿಂತು ನೋಡಿದ್ರೆ ಬೆಟ್ಟದ ಹಿಂದೆ ಬೆಟ್ಟ, ಅದಕ್ಕೆ ಈ ಕ್ರಮ ಸರಿಯಾಗೇ ಕೂರುತ್ತೆ. ಆದ್ರೆ ಬಿದಿರಿನ ತಟ್ಟಿ ಬರೆಯೋಕೆ ಹೇಳಿ ನೋಡಿ. ಒಂದು ಪಟ್ಟಿ ಇನ್ನೊಂದರ ಮೇಲೆ ಹೋಗಿ ಮುಂದಿನದರ ಕೆಳಗೆ ತೂರುತ್ತೆ, ಯಾವ ಪಟ್ಟಿ ಹಿಂದೆ ಯಾವುದು ಮುಂದೆ ಅಂತ ಹೇಳೋದು? 1972ರಲ್ಲಿ ನ್ಯೂವೆಲ್ ಸೋದರರು ಮತ್ತೆ ಸಾಂಚಾ ಅನ್ನೋರು ಇಂಥ ಕಡೆ ಪಟ್ಟಿಯನ್ನೇ ತುಂಡು ಮಾಡಿ ಸಾಲಾಗಿ ಜೋಡಿಸೋ ವಿಧಾನ ಕೊಟ್ರು.

1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್ಮಲ್ ತಮ್ಮ ಪಿಎಚ್‌ಡಿಯಲ್ಲಿ ಸಾಲು ಜೋಡಿಸೋ ಗೋಜೇ ಬೇಡ ಅಂದ್ರು. ಪರದೆಯ ಪ್ರತಿ ಚುಕ್ಕಿ ಪಕ್ಕ ಒಂದು ಸಂಖ್ಯೆ ಇಡಿ, ಇಲ್ಲಿ ಸದ್ಯಕ್ಕೆ ಕಾಣ್ತಿರೋ ವಸ್ತು ಎಷ್ಟು ದೂರದಲ್ಲಿದೆ ಅಂತ. ಹೊಸ ವಸ್ತು ಬಂದಾಗ ಹೋಲಿಸಿ, ಹತ್ತಿರ ಇದ್ರೆ ಬಣ್ಣ ಬದಲಿಸಿ, ದೂರ ಇದ್ರೆ ಬಿಟ್ಬಿಡಿ. ಮರ ಮೊದಲು ಬಂದ್ರೂ ಬೆಟ್ಟ ಮೊದಲು ಬಂದ್ರೂ ಚಿತ್ರ ಒಂದೇ. ಇದೇ ಝಡ್ ಬಫರ್. ಅದೇ ವರ್ಷ ಬರ್ಲಿನ್‌ನಲ್ಲಿ ವೋಲ್ಫ್‌ಗಾಂಗ್ ಸ್ಟ್ರಾಸರ್ ಕೂಡ ಇದೇ ಯೋಚನೆ ಬರೆದಿದ್ರು. ತೊಂದರೆ ಇದ್ದಿದ್ದು ಮೆಮೊರಿದು. ಅಡ್ಡ 512, ಉದ್ದ 512 ಚುಕ್ಕಿ ಅಂದ್ರೆ 2,62,144 ಸಂಖ್ಯೆ ನೆನಪಿಟ್ಕೋಬೇಕು, ಆಗ ಅಷ್ಟು ಮೆಮೊರಿ ವಿಪರೀತ ದುಬಾರಿ. ಮುಂದೆ ಮೆಮೊರಿ ಅಗ್ಗ ಆಯ್ತು, ಇವತ್ತು ನಿಮ್ಮ ಜೇಬಲ್ಲಿರೋ ಫೋನಿನ ಚಿಪ್ಪಿನಲ್ಲೂ ಇದೇ ಕೆಲಸ ನಡೀತಿದೆ. ನನಗೆ ಈ ಕತೆಯಲ್ಲಿ ತುಂಬ ಇಷ್ಟ ಆಗೋದು ಇದೇ, ಎಲ್ಲಕ್ಕಿಂತ ಸರಳ ವಿಧಾನ ಕೊನೇಗೆ ಉಳ್ಕೊಂಡಿದ್ದು.

ನೀವು ಬಣ್ಣದೋರು, ಅದಕ್ಕೆ ಇನ್ನೊಂದು ಹೇಳ್ಬೇಕು. ಹಿತ್ತಾಳೆ ತಂಬಿಗೆಯನ್ನ ಕಂಪ್ಯೂಟರ್ ಸಣ್ಣ ಸಣ್ಣ ಚಪ್ಪಟೆ ತುಂಡುಗಳಾಗಿ ಇಟ್ಕೊಳ್ಳುತ್ತೆ, ಒಂದು ತುಂಡಿಗೆ ಒಂದೇ ಬಣ್ಣ ಹಾಕಿದ್ರೆ ಕತ್ತಿಯಲ್ಲಿ ಕೆತ್ತಿದ ಹಾಗೆ ಕಾಣುತ್ತೆ. 1971ರಲ್ಲಿ ಆನ್ರಿ ಗೂರೋ, ಅವರೂ ಯೂಟಾದಲ್ಲೇ ಓದಿದೋರು, ತುಂಡಿನ ಮೂಲೆಗಳಲ್ಲಿ ಬಣ್ಣ ಲೆಕ್ಕ ಹಾಕಿ ಮಧ್ಯಕ್ಕೆ ಹರಡಿದ್ರು. ಪ್ರಯೋಗಕ್ಕೆ ಅವರ ಹೆಂಡತಿ ಮುಖದ ಮೇಲೇ ಗೆರೆ ಬರೆದು ಅಳತೆ ತಗೊಂಡಿದ್ರು. ನುಣುಪು ಬಂತು, ಆದ್ರೆ ಆ ತಂಬಿಗೆ ಹೊಟ್ಟೆ ಮೇಲೆ ಮಿಂಚುತ್ತಲ್ಲ ಬೆಳಕಿನ ಬೊಟ್ಟು, ಅದು ತುಂಡಿನ ಮಧ್ಯೆ ಬಿದ್ರೆ ಕಾಣೆ ಆಗ್ತಿತ್ತು. ವಿಯೆಟ್ನಾಂನಿಂದ ಬಂದಿದ್ದ ಬುಯಿ ತುವಾಂಗ್ ಫಾಂಗ್ 1973ರಲ್ಲಿ ಬೇರೆ ದಾರಿ ಹಿಡಿದ್ರು. ಬಣ್ಣ ಹರಡೋದು ಬೇಡ, ಆ ಜಾಗ ಯಾವ ಕಡೆ ಮುಖ ಮಾಡಿದೆ ಅನ್ನೋದನ್ನ ಹರಡಿ, ಬೆಳಕಿನ ಲೆಕ್ಕ ಪ್ರತಿ ಚುಕ್ಕಿಯಲ್ಲೂ ಹೊಸದಾಗಿ ಮಾಡಿ ಅಂತ. ಬೊಟ್ಟು ಇರೋ ಜಾಗದಲ್ಲೇ ಮಿಂಚಿತು. ಲೇಖನ 1975ರಲ್ಲಿ ಬಂತು, ಅದೇ ವರ್ಷ ಆ ಹುಡುಗ ತೀರಿಕೊಂಡ್ರು, ಆಗಿನ್ನೂ ಸಣ್ಣ ವಯಸ್ಸು. ಬೆಳಿಗ್ಗೆ ಬಚ್ಚಲಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆ ಕಂಡ್ರೆ ನಂಗೆ ಅವರದೇ ನೆನಪು.

ಪ್ರಶ್ನೆ: ಅಡಿಕೆ ತೋಟ ನೋಡ್ಕೊಂಡಿರೋ ಕುಟುಂಬ ನಮ್ದು. ಮಗಳು ಗ್ರಾಫಿಕ್ಸಲ್ಲೇ ಮುಂದೆ ಓದ್ತೀನಿ ಅಂತಾಳೆ. ಸಿನಿಮಾ, ಗೇಮ್ ಬಿಟ್ರೆ ಇದ್ರಿಂದ ಉಪಯೋಗ ಇದ್ಯಾ?
– ಹೊಸನಗರ

ಉತ್ತರ: ಇದೆ ಯಜಮಾನ್ರೇ, ಓದಿಸಿ. ಆಸ್ಪತ್ರೆಲಿ ಸಿಟಿ ಸ್ಕ್ಯಾನ್ ಮಾಡಿದಾಗ ಸಿಗೋದು ಹೋಳು ಹೋಳಾದ ಚಿತ್ರ, ಅದನ್ನ ಜೋಡಿಸಿ ಮೂಳೆಯ ಪೂರ್ತಿ ಆಕಾರ ತೋರಿಸೋ ಮಾರ್ಚಿಂಗ್ ಕ್ಯೂಬ್ಸ್ ಅನ್ನೋ ವಿಧಾನ 1987ರಲ್ಲಿ ಲೊರೆನ್ಸನ್ ಮತ್ತೆ ಕ್ಲೈನ್ ಕೊಟ್ಟಿದ್ದು. ಇನ್ನೊಬ್ರು ಜಾನ್ ವಾರ್ನಾಕ್, 1969ರ ಅವರ ಪಿಎಚ್‌ಡಿ ಯೂಟಾದಲ್ಲೇ ಆಗಿದ್ದು, ಯಾವ ವಸ್ತು ಮುಂದಿದೆ ಅಂತ ಕಂಡುಹಿಡಿಯೋಕೆ ಪರದೆ ಗೋಜಲಾಗಿದ್ರೆ ನಾಲ್ಕು ಪಾಲು ಮಾಡು, ಪಾಲೂ ಗೋಜಲಾಗಿದ್ರೆ ಮತ್ತೆ ನಾಲ್ಕು ಮಾಡು ಅನ್ನೋದು. ಅದೇ ವಾರ್ನಾಕ್ 1982ರಲ್ಲಿ ಗೆಳೆಯರೊಬ್ಬರ ಜೊತೆ ಅಡೋಬಿ ಕಂಪನಿ ಕಟ್ಟಿದ್ರು, ಪಿಡಿಎಫ್ ಬಂದಿದ್ದು ಅಲ್ಲಿಂದ. ನಿಮ್ಮ ಫೋನಿಗೆ ಬರೋ ಮದುವೆ ಕರೆಯೋಲೆ ಪಿಡಿಎಫ್ ತೆಗೆದು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, ಟೈಪ್ ಮಾಡಿದ ಅಕ್ಷರ ಆದ್ರೆ ಎಷ್ಟು ದೊಡ್ಡದಾದ್ರೂ ಅಂಚು ಒಡೆಯಲ್ಲ, ಯಾಕಂದ್ರೆ ಅಲ್ಲಿರೋದು ಅಕ್ಷರದ ಫೋಟೋ ಅಲ್ಲ, ಅದರ ಬಾಗು ಹೇಗೆ ಎಳೀಬೇಕು ಅನ್ನೋ ಲೆಕ್ಕ. ಸಂಜೆ ಮಗಳನ್ನ ಪಕ್ಕ ಕೂರಿಸ್ಕೊಂಡು ಅದೊಂದನ್ನ ವಿವರಿಸೋಕೆ ಹೇಳಿ.